ಲೇಟು ಚೀಟಿಯ ಏಜೆಂಟರು

ಅವರ ಕೆಳತುಟಿಯ ನಡುವೆ ನೇರಳೆ ಬಣ್ಣದ ಒಂದು ಕಲೆ ಇತ್ತು. ನೇರಳೆಹಣ್ಣು ತಿಂದವರ ಹಾಗೆ ಹರಡಿದ್ದಲ್ಲ. ಕಡಲೆಕಾಳಿನಷ್ಟು ದುಂಡಗೆ, ತೊಳೆದರೂ ಹೋಗದೆ ಉಳಿದದ್ದು. ಒದ್ದೆ ಮಾಡಿದರೆ ಶಾಯಿಯ ಹಾಗೆ ಮೂಡುವ ಒಂದು ಬಗೆಯ ಪೆನ್ಸಿಲ್ ಆಗ ಸಿಗುತ್ತಿತ್ತು. ಅದರ ತುದಿಯನ್ನು ತುಟಿಗೆ ತಾಗಿಸಿ ತಾಗಿಸಿ ಅವರು ಟಿಕೆಟು ಬರೆಯುತ್ತಿದ್ದರು. ಹೊಸಬರು ಯಾರಾದರೂ ಆ ಕಲೆ ನೋಡಿ, “ಎಂತಾದ್ರೂ ಕಚ್ಚಿತಾ?” ಎಂದು ಕೇಳಿದರೆ, “ರೈಲ್ವೆ ಕಚ್ಚಿದ್ದು” ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ಅವರು ನಮ್ಮೂರಿನ ರೈಲ್ವೆ ಹಾಲ್ಟಿನ ಏಜೆಂಟರು. ಪುತ್ತೂರಿಗೂ ಕೋಡಿಂಬಾಳಕ್ಕೂ ನಡುವೆ ಎಲ್ಲೋ ಇರುವ ಊರು ಎಂದರೆ ಸಾಕು. ಹಾಲ್ಟ್ ಎಂದರೆ ಸ್ಟೇಷನ್ ಅಲ್ಲ, ಲೋಕಲ್ ರೈಲು ಒಂದು ನಿಮಿಷ ನಿಂತು ಹೋಗುವ ಜಾಗ. ಸ್ಟೇಷನ್ ಮಾಸ್ಟರ್ ಇಲ್ಲ, ಸಿಗ್ನಲ್ ಇಲ್ಲ, ಫೋನೂ ಇಲ್ಲ. ಒಂದು ಹಂಚಿನ ಮಾಡು, ಎರಡು ಸಿಮೆಂಟಿನ ಬೆಂಚು, ಮೂಲೆಯಲ್ಲಿ ಟಿಕೆಟು ಇಟ್ಟು ಬೀಗ ಹಾಕುವ ಒಂದು ಮರದ ಪೆಟ್ಟಿಗೆ. ಊರಿನವರೇ ಒಬ್ಬರು ಇಲಾಖೆಯೊಂದಿಗೆ ಕರಾರು ಮಾಡಿಕೊಂಡು, ಕಮಿಷನ್ ಮೇಲೆ ಟಿಕೆಟು ಮಾರುತ್ತಾರೆ. ಹಾಗೆ ಮಾರುತ್ತಿದ್ದವರು ಇವರು. ಅದಕ್ಕೂ ಮೊದಲು ಹೊಳೆಯಲ್ಲಿ ಕಡವಿನ ದೋಣಿ ನಡೆಸುತ್ತಿದ್ದರು. ಹೊಳೆಗೆ ಸೇತುವೆ ಬಂತು, ದೋಣಿ ನಿಂತಿತು. ಕೆಲವು ವರ್ಷ ಅವರಿವರ ಕೂಲಿ ಮಾಡಿ, ರೈಲು ಬಂದ ಮೇಲೆ ಏಜೆಂಟರಾದರು.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಒಂದೇ ಸಾಕ್ಷಿಯನ್ನು ನಂಬಬಾರದೆಂದು ಕಲಿತದ್ದು ಅಲ್ಲಿ. ನನ್ನ ನೆನಪೂ ಒಂದೇ ಸಾಕ್ಷಿ. ಅದಕ್ಕೆ ಇದನ್ನು ಬರೆಯುವಾಗ ಆ ಕಾಲದ ನನ್ನ ಡೈರಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಎರಡೂ ಒಪ್ಪದ ಕಡೆ ಹಾಗೆಂದು ಹೇಳುತ್ತೇನೆ. ಉದಾಹರಣೆಗೆ, ಅವರು ಯಾವಾಗಲೂ ಬಿಳಿ ಅಂಗಿ ಹಾಕುತ್ತಿದ್ದರು ಎಂದು ನನ್ನ ನೆನಪು. ಡೈರಿಯಲ್ಲಿ ಒಂದು ಕಡೆ “ಏಜೆಂಟರ ಹಸಿರು ಗೀಟಿನ ಅಂಗಿ” ಎಂದಿದೆ. ಒಳ್ಳೆಯವರೆಂದು ಒಮ್ಮೆ ತೀರ್ಮಾನವಾದ ಮೇಲೆ ನಾವು ಅವರಿಗೆ ಬಿಳಿ ಅಂಗಿ ತೊಡಿಸಿಬಿಡುತ್ತೇವೋ ಏನೋ.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಪುತ್ತೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷ ಪ್ರೊಬೇಷನ್. ಮೂರು ದಿನ ತಡವಾಗಿ ಬಂದರೆ ಒಂದು ರಜೆ ಕಡಿತ, ರಜೆ ಮುಗಿದ ಮೇಲೂ ತಡವಾದರೆ ಕೆಲಸ ಖಾಯಂ ಆಗುವುದಿಲ್ಲ ಎಂದು ಹೆಡ್‌ಮಾಸ್ಟರು ಮೊದಲ ದಿನವೇ ಹೇಳಿದ್ದರು. ಮನೆಯಲ್ಲಿ ಅಪ್ಪನ ಷರತ್ತು ಬೇರೆ: “ಪುತ್ತೂರಲ್ಲಿ ರೂಮು ಮಾಡಿ ಇರುದೆಲ್ಲ ಬೇಡ. ಹೋಗಿ ಬರ್ಲಿಕ್ಕೆ ಆಗುದಾದ್ರೆ ಮಾಡು, ಇಲ್ಲದಿದ್ರೆ ಬಿಡು.” ಎಂದರೆ ನನ್ನ ಕೆಲಸ ಉಳಿಯುವುದು ಎಂಟೂಕಾಲರ ಲೋಕಲ್ ರೈಲು ಎಂಟೂಕಾಲಕ್ಕೆ ಬಂದರೆ ಮಾತ್ರ.

ಅದು ಬರುತ್ತಿರಲಿಲ್ಲ. ಬರದೇ ಇರುವುದಕ್ಕೆ ಕಾರಣ ಯಾರ ಸೋಮಾರಿತನವೂ ಅಲ್ಲ. ಆ ದಾರಿಯಲ್ಲಿ ಇದ್ದದ್ದು ಒಂಟಿ ಹಳಿ. ನಮ್ಮ ಹಾಲ್ಟಿನಿಂದ ಮೇಲಕ್ಕೆ ಒಂದು ಸ್ಟೇಷನ್, ಕೆಳಕ್ಕೆ ಪುತ್ತೂರು. ರೈಲುಗಳು ಒಂದಕ್ಕೊಂದು ಬದಿ ಕೊಡಲು ಆ ಎರಡು ಕಡೆ ಮಾತ್ರ ಜಾಗ. ಪುತ್ತೂರಿನಿಂದ ಗೊಬ್ಬರದ್ದೋ ಎಣ್ಣೆಯದ್ದೋ ಒಂದು ಗೂಡ್ಸು ಹೊರಟಿತೆಂದರೆ, ಅದು ಏರಿ ಬಂದು ಮುಟ್ಟುವವರೆಗೆ ನಮ್ಮ ಲೋಕಲ್ ಮೇಲಿನ ಸ್ಟೇಷನ್ನಿನಲ್ಲಿ ನಿಂತೇ ಇರಬೇಕು. ವರ್ಷ ಹೋದ ಹಾಗೆ ಗೂಡ್ಸು ಹೆಚ್ಚಿತು, ಲೋಕಲ್ಲಿಗೆ ಹತ್ತುವವರೂ ಹೆಚ್ಚಿದರು, ಹಳಿ ಮಾತ್ರ ಒಂದೇ.

ನಾವು ಹಾಲ್ಟಿನಲ್ಲಿ ಸುದ್ದಿಯೇ ಇಲ್ಲದೆ ಕಾಯುತ್ತಿದ್ದೆವು. ಬಸಳೆ ಕಟ್ಟು ಹೊತ್ತು ಪುತ್ತೂರಿಗೆ ಹೋಗುವ ಒಬ್ಬರು ಅಕ್ಕ ಇದ್ದರು. ದಿನವೂ ಅವರಿಗೂ ಏಜೆಂಟರಿಗೂ ಜಟಾಪಟಿ.

“ಏಜೆಂಟ್ರೇ, ರೈಲು ಎಲ್ಲುಂಟು?”

“ಹಳಿ ಮೇಲೆ ಉಂಟು.”

“ಅದು ನಮಗೂ ಗೊತ್ತುಂಟು ಮಾರಾಯ್ರೆ. ಯಾವ ಊರಿನ ಹಳಿ ಮೇಲೆ?”

“ನನ್ನ ಹತ್ರ ಎಂತ, ಫೋನುಂಟಾ? ಬೆಳಗ್ಗೆ ರೇಡಿಯೋದವ ಹೇಳ್ಲಿಲ್ಲ.”

“ನನ್ನ ಬಸಳೆ ಬಾಡ್ತದೆ.”

“ನೀರು ಚಿಮುಕಿಸಿ. ಟಿಕೆಟಿಗೆ ಚಿಮುಕಿಸ್ಬೇಡಿ, ನೇರಳೆ ಆಗ್ತದೆ.”

ಒಮ್ಮೆ ಆ ಅಕ್ಕ ಸಿಟ್ಟಿನಲ್ಲಿ, “ಇದಕ್ಕಿಂತ ನಿಮ್ಮ ದೋಣಿಯೇ ಆಗ್ತಿತ್ತು” ಎಂದರು. ಅದಕ್ಕೆ ಏಜೆಂಟರು ಹೇಳಿದ ಮಾತು ನನ್ನ ಡೈರಿಯಲ್ಲಿದೆ: “ದೋಣಿ ತಡ ಆದ್ರೆ ದೋಣಿಯವನಿಗೆ ಬೈಲಿಕ್ಕಾದ್ರೂ ಆಗ್ತಿತ್ತು. ಇದಕ್ಕೆ ಯಾರಿಗೆ ಬೈಯುದು? ಬೈಲಿಕ್ಕೆ ಜನ ಇಲ್ಲದ ಕಡೆ ಕೆಲಸ ಸರಿ ಆಗುದಿಲ್ಲ.”

ಲೇಟು ಚೀಟಿ ಶುರುವಾದದ್ದು ನಾನು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ. ಮೂರನೆಯ ಸಲ ತಡವಾಗಿ ರಜೆ ಕಡಿತವಾದ ದಿನ ನಾನು ಸಂಜೆ ಹಾಲ್ಟಿನಲ್ಲಿ ಇಳಿದು, ಯಾರಿಗೆಂದು ತಿಳಿಯದೆ ಅವರಿಗೇ ಹೇಳಿಕೊಂಡೆ. ಮರುದಿನ ಬೆಳಗ್ಗೆ ಅವರು ಒಂದು ನೋಟುಪುಸ್ತಕ, ಒಂದು ಕಾರ್ಬನ್ ಕಾಗದ ತೆಗೆದರು. ರೈಲು ಬಂದು ನಿಂತ ಒಂದು ನಿಮಿಷದಲ್ಲಿ ಪೆನ್ಸಿಲನ್ನು ತುಟಿಗೆ ತಾಗಿಸಿ ಬರೆದು, ಹಾಳೆ ಹರಿದು ಕಿಟಕಿಯಿಂದ ನನ್ನ ಕೈಗೆ ಕೊಟ್ಟರು: “ಈ ದಿನ ಬೆಳಗಿನ ಲೋಕಲ್ ಹಾಲ್ಟಿಗೆ ಬಂದದ್ದು ಎಂಟು ನಲವತ್ತೊಂದಕ್ಕೆ. ತಡ ಇಪ್ಪತ್ತಾರು ನಿಮಿಷ. ಕಾರಣ ಗೂಡ್ಸು.” ಕೆಳಗೆ ಸಹಿ, ಅಷ್ಟೇ ನೇರಳೆಯಾಗಿ.

ಹೆಡ್‌ಮಾಸ್ಟರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಸೀಲಿಲ್ಲ, ಎಂತ ಇಲ್ಲ. ಇದನ್ನು ಯಾರು ಬರೆದದ್ದು?”

“ಹಾಲ್ಟ್ ಏಜೆಂಟರು ಸಾರ್.”

“ಗಡಿಯಾರ ಸರಿ ಉಂಟಾ ಅವರದ್ದು?”

ಗಡಿಯಾರ ಸರಿ ಇತ್ತು. ಪ್ರತಿ ಬೆಳಗ್ಗೆ ರೇಡಿಯೋ ವಾರ್ತೆಯ ಹೊತ್ತಿಗೆ ಅವರು ಕೈಗಡಿಯಾರಕ್ಕೆ ಸಮಯ ಹೊಂದಿಸುತ್ತಿದ್ದರು; ಲೋಕಲ್ ಬಂದಾಗ ಗಾರ್ಡಿನ ಗಡಿಯಾರದೊಂದಿಗೆ ತಾಳೆ ನೋಡಿ, ತಡಕ್ಕೆ ಕಾರಣವನ್ನೂ ಅವರಿಂದಲೇ ಕೇಳಿಕೊಳ್ಳುತ್ತಿದ್ದರು. ಹೆಡ್‌ಮಾಸ್ಟರು ಒಂದು ವಾರ ಪರೀಕ್ಷೆ ಮಾಡಿದ ಹಾಗೆ ಕಾಣುತ್ತದೆ. ಆಮೇಲೆ ಒಪ್ಪಿದರು. ತಾಲೂಕು ಕಚೇರಿಗೆ, ಸೊಸೈಟಿಗೆ ಹೋಗುವವರೂ ಚೀಟಿ ಕೇಳತೊಡಗಿದರು. ಆದರೆ ಅವರ ಲೆಕ್ಕ ಬಹಳ ಬಿಗಿ. ಸೊಸೈಟಿಯ ಗುಮಾಸ್ತರೊಬ್ಬರು, “ಅರ್ಧ ಗಂಟೆ ಅಂತ ಬರೀರಿ ಏಜೆಂಟ್ರೇ, ನಾನು ಹೋಗಿ ಮುಟ್ಟುವಾಗ ಅಷ್ಟು ಆಗ್ತದೆ” ಎಂದರೆ, “ರೈಲಿನದ್ದು ಹನ್ನೆರಡು ನಿಮಿಷ. ಮತ್ತಿನ ಹದಿನೆಂಟು ನಿಮ್ಮದು. ಹೋಟೆಲಿನ ಹತ್ರ ಚೀಟಿ ಕೇಳಿ” ಎಂದರು.

ನಾನೂ ಒಮ್ಮೆ ಕೇಳಿದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಒಂದು ದಿನ ನಿದ್ದೆ ಕೆಟ್ಟು ಬೆಳಗ್ಗೆ ಎಚ್ಚರವಾಗಲಿಲ್ಲ. ಓಡಿ ಬರುವಾಗ ರೈಲಿನ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಜೀಪು, ಬಸ್ಸು ಹಿಡಿದು ಶಾಲೆಗೆ ಮುಟ್ಟುವಾಗ ಎರಡು ಪೀರಿಯಡ್ ಆಗಿತ್ತು. ರೈಲು ತಡ ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಚೀಟಿ ನಾಳೆ ತರುತ್ತೇನೆ ಎಂದೂ ಹೇಳಿದೆ.

ಮರುದಿನ ಏಜೆಂಟರ ಮುಂದೆ ನಿಂತೆ. “ನಿನ್ನೆಯದಕ್ಕೆ ಒಂದು ಚೀಟಿ ಬೇಕಿತ್ತು.”

“ನಿನ್ನೆ ನೀವು ರೈಲಲ್ಲಿ ಇರ್ಲಿಲ್ಲ ಅಲ್ವಾ ಟೀಚರೇ?”

“ಇರ್ಲಿಲ್ಲ. ಆದ್ರೆ ರೈಲು ನಿನ್ನೆಯೂ ತಡ ಇತ್ತಲ್ಲ?”

“ಇತ್ತು. ಇಪ್ಪತ್ತು ನಿಮಿಷ. ಹಾಗಿದ್ದೂ ನಿಮಗೆ ಸಿಕ್ಕಲಿಲ್ಲ.” ಅವರು ಪೆನ್ಸಿಲನ್ನು ತುಟಿಗೆ ತಾಗಿಸಿದರು. ಬರೆದು ಕೊಟ್ಟರು. ನಾನು ನೋಡದೆ ಚೀಲಕ್ಕೆ ಹಾಕಿ ಡಬ್ಬಿ ಹತ್ತಿದೆ. ಪುತ್ತೂರಿನಲ್ಲಿ ಇಳಿದು ತೆಗೆದು ಓದಿದರೆ: “ನಿನ್ನೆ ಲೋಕಲ್ ಇಪ್ಪತ್ತು ನಿಮಿಷ ತಡ. ಈ ಟೀಚರ್ ಅದರಲ್ಲಿ ಇರಲಿಲ್ಲ.”

ಹರಿದು ಬಿಸಾಡಿದೆ. ಹೆಡ್‌ಮಾಸ್ಟರಿಗೆ ನಿಜ ಹೇಳಿದೆ, ಒಂದು ರಜೆ ಹೋಯಿತು. ಒಂದು ವಾರ ಏಜೆಂಟರೊಂದಿಗೆ ಮಾತಾಡಲಿಲ್ಲ. ಅವರು ಅದನ್ನು ಗಮನಿಸಿದ ಹಾಗೇ ಕಾಣಲಿಲ್ಲ. ಎಂಟನೆಯ ದಿನ ಅವರೇ ಕರೆದರು.

“ಟೀಚರೇ, ಇಲ್ಲಿ ಬನ್ನಿ. ಇಂಗ್ಲಿಷಲ್ಲಿ ಒಂದು ಕಾಗದ ಬರೀಲಿಕ್ಕುಂಟು.”

ಲೇಟು ಚೀಟಿಗಳ ಕಾರ್ಬನ್ ಪ್ರತಿಗಳಿದ್ದ ನೋಟುಪುಸ್ತಕಗಳನ್ನು ಅವರು ಪೆಟ್ಟಿಗೆಯಲ್ಲಿ ಜೋಡಿಸಿ ಇಟ್ಟಿದ್ದರು. ಯಾವ ದಿನ ಎಷ್ಟು ತಡ, ಏಕೆ ತಡ, ಎಲ್ಲವೂ ಅದರಲ್ಲಿತ್ತು. ಅದನ್ನು ಮುಂದಿಟ್ಟುಕೊಂಡು ತಮ್ಮ ಯೋಚನೆ ಹೇಳಿದರು.

“ಇದು ಅಡಕೆ ಮರದ ಸಂಕ ಉಂಟಲ್ಲ, ತೋಡಿನ ನೀರು ದಾಟ್ಲಿಕ್ಕೆ ಹಾಕುದು, ಹಾಗೆ. ಆಚೆಯಿಂದ ಒಬ್ಬ ಬರ್ತಾ ಇದ್ರೆ ಈಚೆಯವ ಈಚೆಯೇ ನಿಲ್ಬೇಕು. ತೋಡಿನ ನಡುವಿಗೆ ಒಂದು ಬಂಡೆ ಉಂಟು ಅಂತ ಇಟ್ಟುಕೊಳ್ಳಿ. ಈಚೆಯವ ಬಂಡೆವರೆಗೆ ಬಂದು ಬದಿಗೆ ನಿಲ್ಬಹುದು. ಆಚೆಯವ ದಾಟಿದ ಕೂಡ್ಲೇ ಹೋಗ್ಬಹುದು. ನಮ್ಮ ಹಾಲ್ಟು ಸರಿ ನಡುವಿಗೆ ಉಂಟು. ಇಲ್ಲೊಂದು ಲೂಪ್ ಲೈನು ಹಾಕಿದ್ರೆ ಇದೇ ಬಂಡೆ.”

ಲೂಪ್ ಲೈನು ಎಂದರೆ ಮುಖ್ಯ ಹಳಿಯಿಂದ ಕವಲೊಡೆದು, ಸ್ವಲ್ಪ ದೂರ ಪಕ್ಕದಲ್ಲೇ ಹೋಗಿ, ಮತ್ತೆ ಕೂಡುವ ಇನ್ನೊಂದು ಹಳಿ. ಎಂ.ಎ. ಓದಿದ ನಾನು ತಿಂಗಳುಗಟ್ಟಲೆ ರೈಲನ್ನು ಬೈಯುತ್ತಿದ್ದೆನೇ ಹೊರತು, ಅದಕ್ಕೆ ಏನು ಮಾಡಬಹುದೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಬೆಂಚಿನ ಮೇಲೆ ಕೂತು ಮನವಿ ಬರೆದೆ. ದಿನವೂ ಓಡಾಡುವವರೆಲ್ಲ ಸಹಿ ಹಾಕಿದರು, ಬಸಳೆ ಮಾರುವ ಅಕ್ಕ ಹೆಬ್ಬೆಟ್ಟೊತ್ತಿ, “ನನ್ನ ಬಸಳೆ ವಿಷಯವೂ ಬರ್ದಿದ್ದೀರಲ್ಲ ಟೀಚರೇ?” ಎಂದರು. ಬರೆದಿದ್ದೆ. ಬೇಗ ಬಾಡುವ ತರಕಾರಿ ಎಂದು.

ಎರಡು ಮನವಿಗೆ ಉತ್ತರವಿಲ್ಲ. ಮೂರನೆಯದಕ್ಕೆ, “ಪರಿಶೀಲನೆಯಲ್ಲಿದೆ.” ಒಂದು ವರ್ಷಕ್ಕೂ ಮೀರಿ ಹೀಗೇ ಹೋಯಿತು. ನನ್ನ ಪ್ರೊಬೇಷನ್ ಮುಗಿಯಲು ಕೆಲವು ತಿಂಗಳಷ್ಟೇ ಉಳಿದಿದ್ದವು. ಆಗಲೇ ಶಾಲೆಯ ಆಡಳಿತ ಮಂಡಳಿ ಬದಲಾಗಿತ್ತು. ಹೊಸ ಕಾರ್ಯದರ್ಶಿಗಳು ಚೀಟಿಗಳನ್ನೆಲ್ಲ ನೋಡಿ, “ದಿನಾ ರೈಲಿನ ಕಥೆ ಕೇಳ್ಲಿಕ್ಕೆ ಆಗುದಿಲ್ಲಮ್ಮ. ರೈಲು ಸರಿಯಾಗ್ಬೇಕು, ಇಲ್ಲ ನೀವು ಊರು ಬದಲಾಯಿಸ್ಬೇಕು” ಎಂದಿದ್ದರು.

ಅಷ್ಟರಲ್ಲಿ ಸಾಹೇಬರು ಬಂದರು. ನಾಲ್ವರು ತಳ್ಳುವ ಟ್ರಾಲಿಯ ಮೇಲೆ, ದೊಡ್ಡ ಛತ್ರಿಯ ಕೆಳಗೆ ಕೂತು, ಹಳಿ ನೋಡುತ್ತ ಬಂದ ತಮಿಳು ಮಾತಾಡುವ ಒಬ್ಬ ಇಂಜಿನಿಯರು. ಕನ್ನಡ ಬರುತ್ತಿರಲಿಲ್ಲ. ಏಜೆಂಟರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಭಾನುವಾರವಾದ್ದರಿಂದ ನಾನು ಮನೆಯಲ್ಲಿದ್ದೆ. ಏಜೆಂಟರು ಜನ ಕಳಿಸಿ ಕರೆಸಿದರು. ಅವರ ಹೆಂಡತಿ ಸಾಹೇಬರಿಗೆಂದು ಎಳನೀರಿನ ಬೊಂಡ ಕೆತ್ತಿಸಿ ತಂದು, ಮಾಡಿನ ಕಂಬಕ್ಕೆ ಒರಗಿ ನಿಂತಿದ್ದರು.

ಸಾಹೇಬರು ನೋಟುಪುಸ್ತಕದ ಹಾಳೆ ಮಗುಚುತ್ತ ಹೋದರು. ಎಲ್ಲ ಚೀಟಿಗಳೂ ಒಂದೇ ಮಾದರಿಯವು. ಒಂದು ಕಡೆ ಬೆರಳಿಟ್ಟು ನಿಂತರು. “ಇದೊಂದರಲ್ಲಿ ಏನೋ ಬೇರೆ ಬರೆದಿದೆ. ಏನದು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬಗ್ಗಿ ನೋಡಿದೆ. ನನ್ನದೇ. ನಾನು ಹರಿದದ್ದು ಮೇಲಿನ ಹಾಳೆಯನ್ನು ಮಾತ್ರ. ಕಾರ್ಬನ್ ಪ್ರತಿ ಉಳಿದಿತ್ತು. ಏಜೆಂಟರು ಬೇರೆ ಕಡೆ ನೋಡುತ್ತಿದ್ದರು. “ಆ ದಿನ ರೈಲು ಇಪ್ಪತ್ತು ನಿಮಿಷ ತಡವಾಗಿತ್ತು, ಈ ಟೀಚರ್ ಅದರಲ್ಲಿ ಇರಲಿಲ್ಲ, ಎಂದು ಬರೆದಿದೆ” ಎಂದೆ. “ಯಾರು ಆ ಟೀಚರ್?” “ನಾನೇ.” ಸಾಹೇಬರು ನನ್ನನ್ನು ನೋಡಿದರು, ಏಜೆಂಟರನ್ನು ನೋಡಿದರು, ಆಮೇಲೆ ಜೋರಾಗಿ ನಕ್ಕರು. ಆ ನಗುವಿನ ನಂತರ ಅವರು ಪುಸ್ತಕದ ಬೇರೆ ಯಾವ ಹಾಳೆಯನ್ನೂ ಪ್ರಶ್ನಿಸಲಿಲ್ಲ. ಹಳಿಯ ಪಕ್ಕದ ಜಾಗ ಅಳೆಸಿದರು. ಹೊರಡುವ ಮೊದಲು ನಿಂತು, ಏಜೆಂಟರ ಮುಖ ನೋಡುತ್ತ, ನನಗೆ ಹೇಳಿದರು.

ಅವರು ಹೇಳಿದ್ದು ಇಷ್ಟು: ಲೂಪ್ ಹಾಕಬಹುದು, ನಾನು ಶಿಫಾರಸು ಮಾಡುತ್ತೇನೆ. ಆದರೆ ಲೂಪ್ ಬಂದರೆ ಇದು ಹಾಲ್ಟ್ ಆಗಿ ಉಳಿಯುವುದಿಲ್ಲ, ಸ್ಟೇಷನ್ ಆಗುತ್ತದೆ. ಸ್ಟೇಷನ್ ಮಾಸ್ಟರ್ ಬರುತ್ತಾರೆ, ಸಿಗ್ನಲ್ ಬರುತ್ತದೆ. ಟಿಕೆಟು ಅವರೇ ಕೊಡುತ್ತಾರೆ. ಇವರ ಕರಾರು ಮುಗಿಯುತ್ತದೆ. ಇದು ಇವರಿಗೆ ಗೊತ್ತಿದೆಯೇ? ಕೇಳಿ ಹೇಳಿ.

ಈ ಘಟನೆಯನ್ನು ನಾನು ಮುಂದೆ ಎಷ್ಟೋ ಕಡೆ ಹೇಳಿದ್ದೇನೆ. ಸಹೋದ್ಯೋಗಿಗಳಿಗೆ, ಒಮ್ಮೆ ಶಾಲೆಯ ಸಭೆಯಲ್ಲಿ ಮಕ್ಕಳಿಗೆ. ಹೇಳುವಾಗಲೆಲ್ಲ ಹೀಗೆ ಹೇಳಿದ್ದೇನೆ: ನಾನು ಸಾಹೇಬರ ಮಾತನ್ನು ಪೂರ್ತಿಯಾಗಿ ಕನ್ನಡದಲ್ಲಿ ತಿಳಿಸಿದೆ, ಏಜೆಂಟರು ಒಂದು ಗಳಿಗೆಯೂ ಯೋಚಿಸದೆ, ಊರಿಗೆ ಒಳ್ಳೆಯದಾಗುವುದಾದರೆ ನನ್ನ ಕೆಲಸ ಹೋಗಲಿ ಎಂದರು. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು.

ಆ ಭಾನುವಾರದ ನನ್ನ ಡೈರಿಯಲ್ಲಿ ಇರುವುದು ಮೂರೇ ವಾಕ್ಯ. “ಸಾಹೇಬರು ಬಂದರು. ಪುಸ್ತಕ ನೋಡಿದರು. ನಾನು ಒಂದು ಮಾತು ಬಿಟ್ಟೆ.”

ಕೆಲವು ವರ್ಷಗಳ ನಂತರ, ಅದೇ ಆಡಳಿತ ಮಂಡಳಿಯ ಮಂಗಳೂರಿನ ಶಾಲೆಗೆ ವರ್ಗವಾಗಿ ಸಾಮಾನು ಕಟ್ಟುವಾಗ ಇದು ಕಣ್ಣಿಗೆ ಬಿತ್ತು. ಓದಿದ ಕೂಡಲೇ ಆ ಮಧ್ಯಾಹ್ನ ಇದ್ದ ಹಾಗೇ ಎದುರಿಗೆ ಬಂತು. ನಾನು ಏಜೆಂಟರ ಕಡೆ ತಿರುಗಿ ಹೇಳಿದ್ದು: “ಲೂಪ್ ಬಂದ್ರೆ ಇಲ್ಲಿ ಸ್ಟೇಷನ್ ಆಗ್ತದಂತೆ, ಸಿಗ್ನಲ್ ಎಲ್ಲ ಬರ್ತದಂತೆ. ನಿಮಗೆ ಒಪ್ಪಿಗೆ ಉಂಟಾ ಕೇಳ್ತಾರೆ.” ಕರಾರಿನ ಮಾತು ಗಂಟಲಿನವರೆಗೆ ಬಂದಿತ್ತು. ಕಂಬಕ್ಕೆ ಒರಗಿದ ಅವರ ಹೆಂಡತಿ ಕಂಡರು. ಶಾಲೆಯ ಕಾರ್ಯದರ್ಶಿಗಳ ಮುಖ ಮನಸ್ಸಿಗೆ ಬಂತು. ಬಿಟ್ಟುಬಿಟ್ಟೆ. ಏಜೆಂಟರು, “ಒಪ್ಪದೆ ಎಂತ? ಅದಕ್ಕೇ ಅಲ್ವಾ ಇಷ್ಟು ಬರೆದದ್ದು” ಎಂದರು. “ಅವರು ಒಪ್ಪಿದ್ದಾರೆ” ಎಂದು ನಾನು ಸಾಹೇಬರಿಗೆ ಹೇಳಿದೆ. ಸಾಹೇಬರು ಮುಂದೆ ಬಂದು ಏಜೆಂಟರ ಎರಡೂ ಕೈ ಹಿಡಿದುಕೊಂಡರು.

ಮರೆತಿದ್ದೆ ಎಂದು ಹೇಳಲಾರೆ. ಇನ್ನೊಂದು ಕಥೆಯನ್ನು ಅದರ ಮೇಲೆ ಅಷ್ಟು ಸಲ ಹೇಳಿದ್ದೆ, ಕೆಳಗಿನದ್ದು ಕಾಣುತ್ತಿರಲಿಲ್ಲ.

ಲೂಪ್ ಮಂಜೂರಾದ ಕಾಗದ ನನ್ನ ಪ್ರೊಬೇಷನ್ ಮುಗಿಯುವ ಮೊದಲೇ ಬಂತು. ಅದನ್ನು ತೋರಿಸಿದ ಮೇಲೆ ಕಾರ್ಯದರ್ಶಿಗಳು ನನ್ನ ಕೆಲಸ ಖಾಯಂ ಮಾಡಿದರು. ಮಣ್ಣು ತುಂಬಿಸಿ, ಜಲ್ಲಿ ಹಾಸಿ, ಹಳಿ ಕೂಡಿಸಲು ಇನ್ನೆರಡು ಬೇಸಗೆ ಬೇಕಾಯಿತು. ಏಜೆಂಟರು ದಿನವೂ ಹೋಗಿ ನೋಡುತ್ತಿದ್ದರು. ಕೆಲಸ ಮುಗಿಯುತ್ತ ಬಂದಾಗ ಕರಾರು ಕೊನೆಯಾಗುವ ಕಾಗದ ಬಂತು. ನಾನೇ ಓದಿ ಹೇಳಿದೆ. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಹೆಂಡತಿ ಮಾತ್ರ ಸುಮ್ಮನಿರಲಿಲ್ಲ.

“ಸೇತುವೆ ಬಂತು, ದೋಣಿ ಹೋಯ್ತು. ಈಗ ಲೈನು ಬಂತು, ಪೆಟ್ಟಿಗೆ ಹೋಯ್ತು. ಊರಿಗೆ ಆಗುವ ಉಪಕಾರ ಎಲ್ಲ ನಮ್ಮ ತಲೆ ಮೇಲೆ ಮೆಟ್ಟಿಕೊಂಡೇ ಬರುದಾ? ಸೇತುವೆಯಾದ್ರೂ ಸರಕಾರದವರು ತಂದದ್ದು. ಇದನ್ನು ಇವರೇ ಕಾಗದ ಬರೆಸಿ ಕರೆದದ್ದು!”

“ಕಾಗದ ಬರೆದದ್ದು ಟೀಚರು,” ಎಂದರು ಏಜೆಂಟರು. ತಮಾಷೆಗೆ ಹೇಳಿದ್ದೆಂದು ಆಗ ಅಂದುಕೊಂಡೆ. ಈಗ ಖಚಿತವಿಲ್ಲ.

ಹೊಸ ಸ್ಟೇಷನ್ ಶುರುವಾದ ಬೆಳಗ್ಗೆ ನಮ್ಮ ಲೋಕಲ್ ಲೂಪಿಗೆ ತಿರುಗಿ ನಿಂತಿತು. ಮೂರ್ನಾಲ್ಕು ನಿಮಿಷದಲ್ಲಿ ಪಕ್ಕದ ಹಳಿಯಲ್ಲಿ ಗೂಡ್ಸು ಧಡಧಡನೆ ಏರಿ ಹೋಯಿತು. ಸಿಗ್ನಲ್ ಬಿತ್ತು, ನಾವು ಹೊರಟೆವು. ಡಬ್ಬಿಯೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಏಜೆಂಟರು ಹೊರಗೆ ನಿಂತು ಗಡಿಯಾರ ನೋಡಿಕೊಂಡು, ಅಭ್ಯಾಸಬಲದಿಂದ ಅಂಗಿಯ ಜೇಬು ತಡಕಿ, ಕೈ ಕೆಳಗೆ ಬಿಟ್ಟರು. ಇದು ಡೈರಿಯಲ್ಲಿಲ್ಲ. ಕಂಡದ್ದೋ, ಆಮೇಲೆ ನಾನೇ ಸೇರಿಸಿದ್ದೋ ಹೇಳಲಾರೆ.

ಡೈರಿಯ ಆ ಹಾಳೆ ಸಿಕ್ಕಿದ ವಾರವೇ ಅವರನ್ನು ಹುಡುಕಿಕೊಂಡು ಕಡಬಕ್ಕೆ ಹೋದೆ. ಅವರು ಅಲ್ಲಿ ಜೀಪುಗಳಿಗೆ ಜನ ಹತ್ತಿಸುವ ಕೆಲಸ ಮಾಡುತ್ತಿದ್ದರು. ಹಳ್ಳಿಗಳ ಹೆಸರು ಕೂಗಿ ಕೂಗಿ ಸ್ವರ ಒಡೆದಿತ್ತು. ತುಟಿಯ ಕಲೆ ಮಾಸಿ ಬರೇ ನೆರಳಿನಷ್ಟಾಗಿತ್ತು. ಜೀಪು ತುಂಬಿದ ಮೇಲೆಯೇ ಹೊರಡುವ ಊರಲ್ಲಿ ಇವರು ಮೊದಮೊದಲು, “ಟೈಮಾಯ್ತು, ಹೊರಡಿ” ಎನ್ನುತ್ತಿದ್ದರಂತೆ. ಡ್ರೈವರುಗಳು ನಗುತ್ತಿದ್ದರಂತೆ. ಪಕ್ಕದ ಹೋಟೆಲಿನಲ್ಲಿ ಚಾ ತರಿಸಿ ಕೂತೆವು. ಹೇಳಬೇಕಾದ್ದನ್ನು ಹೇಳಿದೆ.

“ಅದು ನನಗೆ ಆ ದಿನವೇ ಗೊತ್ತಾಗಿದೆ ಟೀಚರೇ.”

“ಹೇಗೆ? ನಿಮಗೆ ಇಂಗ್ಲಿಷ್ ಬರುದಿಲ್ಲ ಅಲ್ವಾ?”

“ಇಂಗ್ಲಿಷ್ ಎಂತಕ್ಕೆ? ಸಾಹೇಬ್ರು ಹೇಳಿದ್ದು ಇಷ್ಟುದ್ದ, ನೀವು ಹೇಳಿದ್ದು ಇಷ್ಟೇ. ನಡುವಿನದ್ದು ಎಲ್ಲಿ ಹೋಯ್ತು? ಮತ್ತೆ, ಅವರು ನನ್ನ ಮುಖ ನೋಡಿಕೊಂಡು ಹೇಳಿದ್ರು. ನೀವು ಹೇಳುವಾಗ ನನ್ನ ಮುಖ ನೋಡ್ಲಿಲ್ಲ. ನನ್ನದೇ ವಿಷಯ ಅಂತ ಗೊತ್ತಾಯ್ತು.”

“ಹಾಗಾದ್ರೆ ನೀವು ಯಾಕೆ ಕೇಳ್ಲಿಲ್ಲ?”

ಅವರು ಚಾ ಲೋಟವನ್ನು ತಿರುಗಿಸುತ್ತ ಕೂತರು. “ಕೇಳಿದ್ರೆ ನೀವು ಹೇಳ್ತಿದ್ರಿ. ಹೇಳಿದ್ರೆ ನಾನು ಉತ್ತರ ಕೊಡಬೇಕಿತ್ತು. ಮನೆಯವಳು ಅಲ್ಲೇ ನಿಂತಿದ್ದಳು. ಬೇಡ ಅಂತ್ಲೇ ಹೇಳ್ತಿದ್ದೆ ಅಂತ ಕಾಣ್ತದೆ.”

“ನಾನು ಮಾಡಿದ್ದು ತಪ್ಪಲ್ಲವಾ?” ಎಂದೆ. ಇಲ್ಲ ಎಂದು ಹೇಳಲಿ ಎಂದು ಆಸೆಪಟ್ಟೆ; ಅದನ್ನು ಒಪ್ಪಿಕೊಳ್ಳಬೇಕು.

“ತಪ್ಪೇ,” ಎಂದರು. “ತಪ್ಪಲ್ಲ ಅಂತ ಬರೆದು ಕೊಡ್ಲಿಕ್ಕೆ ನನಗೆ ಬರುದಿಲ್ಲ. ಆದ್ರೆ ಪೂರಾ ನಿಮ್ಮದಲ್ಲ. ಅದ್ರಲ್ಲಿ ನನ್ನದೂ ಉಂಟು.” ಹೊರಗೆ ಡ್ರೈವರ್ ಹಾರನ್ ಬಾರಿಸಿದ. ಎದ್ದು ನಿಂತು, “ಲೋಕಲ್ ಈಗ ಹೇಗುಂಟು? ಸಮಯಕ್ಕೆ ಬರ್ತದಾ?” ಎಂದು ಕೇಳಿದರು. ಹೆಚ್ಚಾಗಿ ಬರುತ್ತದೆ ಎಂದೆ. “ಹೆಚ್ಚಾಗಿ ಅಂದ್ರೆ ಎಷ್ಟು ದಿನ?” ನನಗೆ ಗೊತ್ತಿರಲಿಲ್ಲ. ತಡವಾಗುವುದು ನಿಂತ ಮೇಲೆ ನಾನು ಸಮಯ ನೋಡುವುದನ್ನೇ ಬಿಟ್ಟಿದ್ದೆ.

ಆ ಸಭೆಯಲ್ಲಿ ಮಕ್ಕಳಿಗೆ ಹೇಳಿದ ಕಥೆಯನ್ನು ಮುಂದೆ ನಾನು ಎಲ್ಲಿಯೂ ಹೇಳಲಿಲ್ಲ. ಅವರು ತ್ಯಾಗ ಮಾಡಿದರು ಎನ್ನುವುದು ನಮಗೆ ಅನುಕೂಲದ ಮಾತು. ಅವರಿಗೆ ಆಯ್ಕೆ ಮಾಡಲು ನಾನು ಬಿಡಲಿಲ್ಲ, ಅವರೂ ಆ ಆಯ್ಕೆಯಿಂದ ತಪ್ಪಿಸಿಕೊಂಡರು. ಎರಡರ ನಡುವೆ ಒಂದು ಹಳಿ ಬಂತು. ಇಷ್ಟು ಮಾತ್ರ ನನಗೆ ಖಚಿತ.

ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಬೆಳಗ್ಗೆ ಆರು ಗಂಟೆಗೆ ಮಂಗಳೂರಿನ ನನ್ನ ಪಕ್ಕದ ಮನೆಗೆ ಊರಿನಿಂದ ನನ್ನ ತಮ್ಮ ಫೋನ್ ಮಾಡಿದ್ದ. ಸುಳ್ಯಕ್ಕೆ ಮದುವೆ ಮಾಡಿ ಕೊಟ್ಟ ಏಜೆಂಟರ ಮಗಳು ಬರುವವರೆಗೆ ಕಾಯುತ್ತಾರೆ, ಆಮೇಲೆ ಎತ್ತುತ್ತಾರೆ ಎಂದ. ಬಸ್ಸಿಗೆ ಹೋದರೆ ಅಷ್ಟರೊಳಗೆ ಮುಟ್ಟುವ ಭರವಸೆ ಇರಲಿಲ್ಲ. ಬೆಳಗಿನ ಲೋಕಲ್ ಹಿಡಿದೆ. ಪುತ್ತೂರು ದಾಟಿ, ನಮ್ಮ ಸ್ಟೇಷನ್ನಿನಲ್ಲಿ ರೈಲು ಲೂಪಿಗೆ ತಿರುಗಿತು. ಎದುರಿನಿಂದ ಬರುವ ಗೂಡ್ಸಿಗೆ ಬದಿ ಕೊಡಬೇಕಿತ್ತು. ಅದು ಬರುವುದನ್ನು ಕಾಯದೆ ನಾನು ಇಳಿದು ನಡೆದೆ.

ಅಂಗಳದಲ್ಲಿ ಜನ ಸೇರಿದ್ದರು. ಅವರನ್ನು ಇನ್ನೂ ಒಳಗೇ ಮಲಗಿಸಿದ್ದರು. ಬಹಳ ಹೊತ್ತು ಮುಖ ನೋಡಿದೆ. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅವರ ಹೆಂಡತಿ ತಲೆ ಎತ್ತಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ಮಂಗಳೂರಿಂದ ಬಂದ್ರಾ ಟೀಚರೇ? ಮುಖ ನೋಡ್ಲಿಕ್ಕೆ ಸಿಕ್ಕಿತಲ್ಲ,” ಎಂದರು. ಆಮೇಲೆ ಕೇಳಿದರು: “ರೈಲು ಸಮಯಕ್ಕೆ ಇತ್ತಾ?”

ಕೈಗಡಿಯಾರ ನೋಡಿಕೊಂಡೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಮನೆಯಲ್ಲಿ ಸುಮ್ಮನೆ ಬಾಯಿಗೆ ಬಂದದ್ದು ಹೇಳಲು ಆಗುತ್ತಿರಲಿಲ್ಲ.

“ಎರಡು ನಿಮಿಷ ತಡ ಇತ್ತು,” ಎಂದೆ.